ಬೆಳಕಿಗೆ ಹಿಡಿದ ಪುಟ

ಕೆಂಪು ನೂಲಿನಂಥ ನರಗಳು, ನಡುವೆ ಒಂದು ಕಪ್ಪು ಚುಕ್ಕೆ, ಚುಕ್ಕೆ ಒಮ್ಮೆ ಮಿಸುಕಿತು, ಸರಿ, ಇದರಲ್ಲಿ ಜೀವ ಇದೆ, ಟ್ರೇಗೆ — ಮುಂದಿನದು, ಇದರಲ್ಲೂ ಇದೆ — ಅದರ ಮುಂದಿನದು ಹಳದಿ ಬಲ್ಬಿನ ಹಾಗೆ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಬೆಳಗಿತು, ನರವಿಲ್ಲ, ನೆರಳಿಲ್ಲ, ಜೊಳ್ಳು, ಕಾಲ ಬಳಿಯ ಬಕೆಟ್ಟಿಗೆ. ಕೈ ತನ್ನ ಪಾಡಿಗೆ ತಾನು ದುಡಿಯುತ್ತದೆ, ಮೊಟ್ಟೆಯನ್ನು ಮೇಜಿನ ತೂತಿನ ಮೇಲೆ ಇಡುತ್ತದೆ, ಕೆಳಗಿನ ದೀಪ ಅದರ ಹೊಟ್ಟೆಯಲ್ಲಿರುವುದನ್ನೆಲ್ಲ ತೋರಿಸಿಬಿಡುತ್ತದೆ, ಮುಚ್ಚುಮರೆ ಇಲ್ಲ, ಮನುಷ್ಯರನ್ನೂ ಹೀಗೆ ಒಂದು ತೂತಿನ ಮೇಲೆ ಕೂರಿಸಿ ನೋಡುವಂತಿದ್ದರೆ ಮೊದಲು ಅವನನ್ನೇ ಕೂರಿಸಬೇಕು, ಅತ್ತಿಗೆಯ ತಮ್ಮನನ್ನು. ಮೊಟ್ಟೆ ಕೋಣೆಯ ಹೆಂಗಸರು ಅವನಿಗೆ ಝಗಮಗ ಅಂತ ಹೆಸರಿಟ್ಟಿದ್ದಾರೆ, ಕಾಲಿನ ಬೂಟಿನಿಂದ ಹಿಡಿದು ಈ ಹ್ಯಾಚರಿಗೆ ಅವನು ಮಾಡಿಕೊಟ್ಟ ವೆಬ್‌ಸೈಟಿನವರೆಗೆ ಎಲ್ಲವೂ ಝಗಮಗ, ಇವತ್ತು ಮಧ್ಯಾಹ್ನ ಊಟವಾದ ಮೇಲೆ ಆ ಝಗಮಗವನ್ನೇ ಬೆಳಕಿಗೆ ಹಿಡಿಯುವುದಿದೆ. ಬೆಳಿಗ್ಗೆ ಕೈ ತೊಳೆಯುವ ನಲ್ಲಿಯ ಹತ್ತಿರ ಅಣ್ಣ ಬಂದು ನಿಂತಿದ್ದ, ಹ್ಯಾಚರಿಯ ಯಜಮಾನ, ಅವಳ ಒಡಹುಟ್ಟಿದವನು, ಎರಡು ವರ್ಷದಿಂದ ಅವಳ ಮುಖ ನೋಡಿ ಮಾತಾಡದವನು ಇವತ್ತೂ ನಲ್ಲಿಯನ್ನೇ ನೋಡುತ್ತಾ, ಪುಟ್ಟೀ, ಕೇಳಿಲ್ಲಿ, ಈ ವೆಬ್‌ಸೈಟು ಫೋನಿನೊಳಗೆ ಓಡೋ ಸ್ಕ್ರಿಪ್ಟಿನ ಮೇಲೆ, ಅದೇ ಆ ಪ್ರೋಗ್ರಾಮಿನ ಮೇಲೆ, ಎಷ್ಟು ನಿಲ್ಲಬೇಕು, ಪೂರ್ತಿನಾ, ಅರ್ಧನಾ, ಬೇಡವೇ ಬೇಡ್ವಾ, ನೀನೇ ಹೇಳ್ಬಿಡು, ನೀನು ಹೇಳಿದ್ದೇ ಕೊನೆ ಮಾತು. ಅವನ ಗತಿ ಏನು, ಅವಳು ಕೇಳಿದ್ದಳು. ಬೇಡವೇ ಬೇಡ ಅಂದ್ರೆ ಅವನಿಗೆ ಇಲ್ಲಿ ಇನ್ನೇನು ಕೆಲಸ, ಹೊರಡಲಿ, ನಿಮ್ಮತ್ತಿಗೆ ಜೊತೆ ನಾನು ಏಗ್ತೀನಿ. ಹೊರಡಲಿ — ಆ ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಅವಳು ಬೆಳಿಗ್ಗೆಯಿಂದ ಕತ್ತಲು ಕೋಣೆಯಲ್ಲಿ ಕೂತಿದ್ದಾಳೆ, ಬೆಲ್ಲದ ಚೂರಿನ ಹಾಗೆ, ಕಚ್ಚಿದರೆ ಬೇಗ ಮುಗಿದುಹೋಗುತ್ತದೆ ಅಂತ ಕಚ್ಚದೆ.

ಏನ್ ಪುಟ್ಟಕ್ಕಾ, ಒಬ್ಳೇ ನಗ್ತಿದ್ದೀಯ, ಮೊಟ್ಟೆ ಏನಾದ್ರೂ ಕಣ್ ಹೊಡೀತಾ, ಎದುರಿನ ಮೇಜಿನಿಂದ ಮಾತಿನಮಲ್ಲಿ ಕೇಳುತ್ತಾಳೆ, ಕೆಲಸಕ್ಕೆ ಸೇರಿದ ದಿನದಿಂದ ಅವಳ ಬಾಯಿಗೆ ಬೀಗ ಬಿದ್ದದ್ದನ್ನು ಯಾರೂ ಕಂಡಿಲ್ಲ. ಏನಿಲ್ಲ ಬಿಡು. ಏನಿಲ್ದೇ ನಗೋರನ್ನ ನಮ್ಮ ಕಡೆ ಕಟ್ಟಿಹಾಕ್ತಾರೆ ಕಣಮ್ಮ. ನಗು — ಎರಡು ವರ್ಷದ ಹಿಂದೆ ಅವತ್ತು ಎಲ್ಲರೂ ನಕ್ಕಿದ್ದರು, ಅಣ್ಣನ ಕೋಣೆಯ ಬಿಳಿ ಗೋಡೆಯ ಮೇಲೆ ಹ್ಯಾಚರಿಗೆ ಮೊದಲು ಅವಳು ಮಾಡಿದ್ದ ಹಳೆಯ ವೆಬ್ ಪುಟವನ್ನು ಝಗಮಗ ದೊಡ್ಡದಾಗಿ ಮೂಡಿಸಿದ್ದ, ಮರಿಗಳ ಬೆಲೆ, ಮೊಟ್ಟೆ ಒಡೆದು ಮರಿ ಬರುವ ದಿನ, ಹೆಸರು ಬರೆಯಲು ಒಂದು ಜಾಗ, ಎಷ್ಟು ಮರಿ ಬೇಕು ಅಂತ ಬರೆಯಲು ಇನ್ನೊಂದು ಜಾಗ, ಕೆಳಗೆ ಒಂದು ಗುಂಡಿ, ಅಷ್ಟೇ. ಕೇಳಿದವರಿಗೆ ಪುಟ ಸರ್ವರಿನಲ್ಲೇ, ಅದನ್ನು ಕಳಿಸುವ ಕಂಪ್ಯೂಟರಿನಲ್ಲೇ, ತಯಾರಾಗಿ ಹೊರಡುತ್ತಿತ್ತು, ಫೋನು ಅದನ್ನು ತೋರಿಸಿದರೆ ಸಾಕು, ಬೇರೇನೂ ಮಾಡಬೇಕಿರಲಿಲ್ಲ, ಗುಡ್ಡದ ಬುಡದಲ್ಲಿ ಸಿಗ್ನಲ್ಲಿಗಾಗಿ ಫೋನನ್ನು ತಲೆಯ ಮೇಲೆತ್ತಿ ನಿಲ್ಲುವವನಿಗೂ ಅದು ಹೋಗಿ ಮುಟ್ಟುತ್ತಿತ್ತು. ಝಗಮಗ ಅದರ ಮುಂದೆ ನಿಂತು ತಲೆಯನ್ನು ಒಂದು ಕಡೆ ವಾಲಿಸಿ, ಅಕ್ಕಾ, ತಪ್ಪು ತಿಳ್ಕೋಬೇಡಿ, ಇದು ವೆಬ್‌ಸೈಟೋ ಆಸ್ಪತ್ರೆ ಚೀಟಿಯೋ? ಅಣ್ಣ ನಕ್ಕ, ಮರಿ ಮಾರುವ ಏಜೆಂಟರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಹಾ ತಂದ ಅತ್ತಿಗೆ ಬಾಗಿಲಲ್ಲೇ ನಿಂತು ತಮ್ಮನನ್ನು ಕಣ್ತುಂಬ ನೋಡುತ್ತಾ ನಕ್ಕಳು, ಮತ್ತು ಅವಳು — ಅದು ಇವತ್ತಿಗೂ ಉರಿಯುತ್ತದೆ, ಅವಳೂ ನಕ್ಕಿದ್ದಳು, ಹಲ್ಲು ಬಿಟ್ಟು, ತನ್ನದೇ ಕೆಲಸವನ್ನು ನೋಡಿ, ಎಲ್ಲರ ಜೊತೆ ಸೇರಿ. ಆಮೇಲೆ ಅವನು ತನ್ನದನ್ನು ತೋರಿಸಿದ್ದ, ಪುಟ ತೆರೆದರೆ ಸಾಕು, ಹಳದಿ ಮರಿಗಳು ಪಟಪಟ ಓಡಿ ಬಂದು ಸಾಲಾಗಿ ನಿಲ್ಲುತ್ತಿದ್ದವು, ಬೆಲೆ ಕೇಳಿದರೆ ಒಂದು ಮರಿ ರೆಕ್ಕೆ ಎತ್ತಿ ತೋರಿಸುತ್ತಿತ್ತು, ಸರ್ವರಿನಿಂದ ಬರುವುದು ಬರೀ ಖಾಲಿ ಹಾಳೆ ಮತ್ತು ಒಂದು ಮೂಟೆ ಸ್ಕ್ರಿಪ್ಟು, ಆ ಮೂಟೆ ಬಿಚ್ಚಿ ಪುಟ ಕಟ್ಟಿಕೊಳ್ಳುವ ಪಾಡು ಫೋನಿನದು. ಎಲ್ಲ ಅವರವರ ಫೋನೇ ಮಾಡ್ಕೊಳುತ್ತೆ ಭಾವ, ನಮ್ಮ ಸರ್ವರಿಗೆ ಭಾರವೇ ಇಲ್ಲ. ಹಾಗಂದಾಗ ಅಣ್ಣನ ಮುಖ ಅರಳಿದ್ದನ್ನು ಅವಳು ನೋಡಿದ್ದಳು, ತನ್ನ ಮನೆಯ ಹೊರೆಯನ್ನು ಪಕ್ಕದ ಮನೆಯ ಜಗಲಿಗೆ ಇಳಿಸಿ ಬಂದವನ ಮುಖ. ಅಷ್ಟು ಭಾರ ಹೊರೋ ಫೋನು ಎಲ್ಲರ ಹತ್ತಿರ ಇರಲ್ಲ ಅಣ್ಣಾ ಅಂತ ಅವಳು ಬಾಯಿ ತೆರೆಯುವಷ್ಟರಲ್ಲಿ, ಪುಟ್ಟೀ, ನೀನು ಇನ್ಮೇಲೆ ಮೊಟ್ಟೆ ಕೋಣೆ ನೋಡ್ಕೋ, ಅಪ್ಪನ ಕಣ್ಣು ನಿನಗೇ ಬಂದಿದೆ. ಅಪ್ಪನ ಕಣ್ಣಂತೆ. ಹೊಡೆಯುವ ಕೈಗೆ ರೇಷ್ಮೆ ಬಟ್ಟೆ ಸುತ್ತಿಕೊಂಡಿದ್ದ.

ಜೊಳ್ಳು, ಬಕೆಟ್ಟಿಗೆ. ಜೀವ ಇದೆ, ಟ್ರೇಗೆ. ಈ ಕತ್ತಲಲ್ಲಿ ಕೂತು ಅವಳು ಕಲಿತದ್ದು ಒಂದಿದೆ, ಮೊಟ್ಟೆಗೆ ಹೇಗೋ ಪುಟಕ್ಕೂ ಹಾಗೆ. ಸ್ಕ್ರಿಪ್ಟನ್ನು ದೀಪ ಆರಿಸಿದ ಹಾಗೆ ಆರಿಸಿ ಪುಟ ತೆರೆದು ನೋಡಬೇಕು, ಒಳಗೆ ಏನಾದರೂ ಉಳಿದಿದ್ದರೆ, ಬೆಲೆಯೋ ಹೆಸರೋ ಒಂದು ಗುಂಡಿಯೋ, ಅದರಲ್ಲಿ ಜೀವ ಇದೆ, ಏನೂ ಉಳಿಯದೆ ಪುಟ ಬೆಳ್ಳಗೆ ಬೆಳಗಿದರೆ ಜೊಳ್ಳು. ಮೊದಲ ವಾರವೇ ತನ್ನ ಫೋನಿನಲ್ಲಿ ಹಾಗೆ ಆರಿಸಿ ನೋಡಿದ್ದಳು, ಝಗಮಗನ ಪುಟ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು, ಹೋಗಿ ಅಣ್ಣನಿಗೆ ಹೇಳಿದ್ದಳು, ಅದಕ್ಕೆ ಅಣ್ಣ ಅಂದಿದ್ದ, ಸ್ಕ್ರಿಪ್ಟ್ ಆರಿಸಿಕೊಂಡು ಯಾರಮ್ಮಾ ನೋಡ್ತಾರೆ, ನಿನಗೆ ಹೊಟ್ಟೆಕಿಚ್ಚು ಪುಟ್ಟೀ. ಯಾರೂ ಬೇಕಂತಲೇ ಆರಿಸುವುದಿಲ್ಲ, ಅದು ತಾನಾಗಿ ಆರುತ್ತದೆ, ಮೂಟೆ ದಾರಿಯಲ್ಲೇ ಹರಿದುಹೋಗುತ್ತದೆ, ಅರ್ಧ ಬಂದು ಅರ್ಧ ಬರುವುದಿಲ್ಲ, ಹಳೆಯ ಫೋನು ಅದನ್ನು ಬಿಚ್ಚಲಾಗದೆ ಬಿಸಿಯಾಗಿ ಸುಮ್ಮನಾಗುತ್ತದೆ. ಬಾತು ದೊಡ್ಡಮ್ಮನಿಗೆ ಆದದ್ದು ಅದೇ. ಬಾತುಕೋಳಿ ಸಾಕಿ ಕೈ ಸೋತು ಕೋಳಿಗೆ ಇಳಿದ ಹೆಂಗಸು, ಮೊನ್ನೆ ಹ್ಯಾಚರಿಯ ಗೇಟಿನಲ್ಲಿ ಖಾಲಿ ಬುಟ್ಟಿಗಳನ್ನು ಗಾಡಿಯಿಂದ ಇಳಿಸಿ ಸಾಲಾಗಿ ಜೋಡಿಸಿ ನಿಂತಿದ್ದಳು, ನನ್ನ ಮರಿ ಕೊಡಿ. ಏಜೆಂಟ ಕಂಪ್ಯೂಟರು ನೋಡಿ, ನಿಮ್ಮ ಹೆಸರಲ್ಲಿ ಏನೂ ಇಲ್ವಲ್ಲ ದೊಡ್ಡಮ್ಮ. ಇಲ್ದೇ ಏನಪ್ಪ, ಒತ್ತಿದೀನಿ, ಒಂದು ಸಲ ಅಲ್ಲ, ಹೆಬ್ಬೆರಳು ನೋಯೋವರೆಗೆ ಒತ್ತಿದೀನಿ, ಶೆಡ್ಡಲ್ಲಿ ಹೊಟ್ಟು ಹರಡಿ ದೀಪ ಹಚ್ಚಿಟ್ಟು ಬಂದಿದೀನಿ. ಅವಳು ದೊಡ್ಡಮ್ಮನ ಫೋನು ತೆಗೆದುಕೊಂಡು ನೋಡಿದ್ದಳು, ಗಾಜು ಒಂದು ಮೂಲೆಯಲ್ಲಿ ಬಿರಿದಿತ್ತು, ಪುಟದಲ್ಲಿ ಬೆಲೆಯಿತ್ತು, ಹಸಿರು ಗುಂಡಿಯೂ ಇತ್ತು, ಆದರೆ ಅದು ಗುಂಡಿಯಲ್ಲ, ಗುಂಡಿಯ ಚಿತ್ರ, ಅದರ ಬೆನ್ನಿಗಿರಬೇಕಾದ ಸ್ಕ್ರಿಪ್ಟಿನ ತುಂಡು ಬಂದೇ ಇರಲಿಲ್ಲ, ಗೋಡೆಗೆ ಬಾಗಿಲು ಬರೆದು ತಟ್ಟಿ ಅಂದ ಹಾಗೆ. ಅವಳು ಮಾಡಿದ ಆ ಆಸ್ಪತ್ರೆ ಚೀಟಿಯ ಗುಂಡಿ ನಿಜವಾದ ಗುಂಡಿ, ಒತ್ತಿದರೆ ಹೋಗುತ್ತಿತ್ತು, ಹೋಗದಿದ್ದರೆ ಹೋಗಲಿಲ್ಲ ಅಂತ ಫೋನೇ ಹೇಳುತ್ತಿತ್ತು. ಇವನ ಗುಂಡಿ ಮುದುಕಿಯ ಹೆಬ್ಬೆರಳನ್ನು ತಿಂದು ಹಸಿರಾಗಿ ನಗುತ್ತಾ ಕೂತಿತ್ತು. ಒಬ್ಬಳಲ್ಲ, ಗುಡ್ಡದ ಕಡೆಯವರು ಒಬ್ಬೊಬ್ಬರಾಗಿ ಬೇರೆ ಹ್ಯಾಚರಿಗೆ ಹೋದರು, ಫೋನು ಮಾಡಿ ಬಯ್ಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ, ಯಾಕೆ ಕಡಿಮೆ ಅಂತ ಅಣ್ಣ ಏಜೆಂಟರನ್ನು ಬಯ್ದ, ಏಜೆಂಟರು ಕಾಲಮಾನವನ್ನು ಬಯ್ದರು, ದೊಡ್ಡಮ್ಮ ಗೇಟಿನಲ್ಲಿ ಬುಟ್ಟಿ ಇಳಿಸಿದ ಮೇಲೇ ಅಣ್ಣನಿಗೆ ಪುಟದ ಮೇಲೆ ಅನುಮಾನ ಬಂದದ್ದು, ಕಾವಿನ ಪೆಟ್ಟಿಗೆಗೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ, ಅದು ತನ್ನ ದಿನ ಬಂದಾಗ ಮರಿಗಳನ್ನು ಹೊರಹಾಕುತ್ತಲೇ ಇತ್ತು, ಕೊಳ್ಳುವವರಿಲ್ಲದ ಮರಿಗಳು, ಟ್ರೇ ತುಂಬ ಚಿಂವ್ ಚಿಂವ್, ಅದನ್ನು ಹಿಂದಿನ ಕೋಣೆಗೆ ಹೊರುವವಳು ಯಾರು, ಮೊಟ್ಟೆ ಕೋಣೆಯವಳು. ಹೊತ್ತಿದ್ದಾಳೆ, ಬಾಗಿಲು ಮುಚ್ಚಿದ ಮೇಲೆ ಸದ್ದು ನಿಲ್ಲುವವರೆಗೂ ಹೊರಗೆ ನಿಂತಿದ್ದಾಳೆ. ಝಗಮಗ ಒಂದು ದಿನವಾದರೂ ಆ ಕೋಣೆಯ ಕಡೆ ತಲೆ ಹಾಕಿದ್ದನೇ?

ಇವತ್ತು ಹೀಗೆ ಮಾಡಬೇಕು, ಮಾತು ಕಡಿಮೆ ಆಡಬೇಕು, ಮಾತಾಡಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಅವನಿಗೇ ಹೇಳಬೇಕು, ತಮ್ಮಾ, ನಿನ್ನ ಪುಟ ಗೋಡೆ ಮೇಲೆ ಹಾಕಪ್ಪ, ಮರಿಗಳು ಓಡಿ ಬರಲಿ, ಏಜೆಂಟರು ಖುಷಿ ಪಡಲಿ, ಆಮೇಲೆ ಸ್ಕ್ರಿಪ್ಟ್ ಆರಿಸು ನೋಡೋಣ, ಆರಿಸುವುದೂ ಅವನ ಕೈಯಿಂದಲೇ ಆಗಬೇಕು, ಗೋಡೆ ಬೆಳ್ಳಗಾಗುತ್ತದೆ, ಆ ಬಿಳಿಯನ್ನು ಹಾಗೇ ಬಿಡಬೇಕು, ಒಬ್ಬರು ಕೆಮ್ಮುವವರೆಗೆ, ಇನ್ನೊಬ್ಬರು ಕುರ್ಚಿ ಸರಿಸುವವರೆಗೆ, ಅತ್ತಿಗೆ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುವವರೆಗೆ, ಆಗ ಒಂದೇ ಒಂದು ಮಾತು, ಜೊಳ್ಳು. ಈ ಹ್ಯಾಚರಿಯಲ್ಲಿ ಆ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಆಸ್ಪತ್ರೆ ಚೀಟಿಗೆ ಜೊಳ್ಳು. ಆ ಸುಖವನ್ನು ನೆನೆದೇ ಅವಳ ಬೆನ್ನು ನೆಟ್ಟಗಾಗುತ್ತದೆ, ಕೈಯಲ್ಲಿದ್ದ ಮೊಟ್ಟೆಯನ್ನು ನೋಡದೆಯೇ ಬಕೆಟ್ಟಿಗೆ ಹಾಕಿಬಿಟ್ಟಳೇನೋ, ಹಾಕಿದಳೇ, ಮೇಲಿನದು ಯಾವುದು — ಪುಟ್ಟಕ್ಕಾ, ತಿರುಗಿಸಿ ನೋಡಿದ್ಯಾ, ಮಾತಿನಮಲ್ಲಿ ಕತ್ತಲಲ್ಲೂ ಕಂಡುಬಿಡುತ್ತಾಳೆ ಹಾಳಾದವಳು. ನೋಡಿದೆ, ಸುಮ್ನಿರು. ತಿರುಗಿಸಿ ನೋಡುವುದು ಅಪ್ಪ ಕಲಿಸಿದ ಕ್ರಮ, ಬೆಳ್ಳಗೆ ಕಂಡ ಮಾತ್ರಕ್ಕೆ ಜೊಳ್ಳು ಅನ್ನಬಾರದು ಮಗಾ, ಒಂದು ಸುತ್ತು ತಿರುಗಿಸು, ಜೀವ ಕೆಲವು ಸಲ ಒಂದು ಬದಿಗೆ ಅಂಟಿಕೊಂಡು ಬೆಳಕಿಗೆ ಬೆನ್ನು ಹಾಕಿರುತ್ತೆ. ಒಂದು ಬೇಸಿಗೆಯಲ್ಲಿ ಅಪ್ಪ ಅವಳನ್ನು ಕೈ ಹಿಡಿದು ಎಳೆದುಕೊಂಡು ಹೋಗಿ ಹಿತ್ತಲಿನಲ್ಲಿ ಇಟ್ಟಿದ್ದ ಜೊಳ್ಳಿನ ಬಕೆಟ್ಟು ತೋರಿಸಿದ್ದ, ಎಸೆಯಲು ಮರೆತದ್ದು, ಬಿಸಿಲಿಗೆ ಕಾದದ್ದು, ಒಡೆದ ಚಿಪ್ಪುಗಳ ನಡುವೆ ಒಂದು ಮೊಟ್ಟೆಯ ಬಿಳಿಯಲ್ಲಿ ಸಾಸಿವೆಯಷ್ಟು ತೂತು, ತೂತಿನೊಳಗಿಂದ ಕೊಕ್ಕಿನ ತುದಿ, ಟುಕ್ ಅಂತ ಒಂದು ಸಲ, ಸುಮ್ಮನಾಗಿ, ಮತ್ತೆ ಟುಕ್. ಇದನ್ನ ಜೊಳ್ಳು ಅಂದೋಳು ನೀನೇ ತಾನೇ, ಅಪ್ಪ ಬಯ್ದಿರಲಿಲ್ಲ, ಬಯ್ದಿದ್ದರೆ ಮರೆತುಹೋಗುತ್ತಿತ್ತು.

ಬೇಡ, ಈಗ ಅದು ಯಾಕೆ. ಅವಳು ಎದ್ದು ದೀಪ ಆರಿಸಿ ಹೊರಗೆ ಬರುತ್ತಾಳೆ, ಬಿಸಿಲು ಕಣ್ಣಿಗೆ ರಾಚುತ್ತದೆ, ಅಂಗಳದಲ್ಲಿ ತೊಳೆದ ಟ್ರೇಗಳನ್ನು ಗೋಡೆಗೆ ಒರಗಿಸಿದ್ದಾರೆ, ನೀರು ಒಂದೊಂದೇ ಹನಿಯಾಗಿ ಜಾರುತ್ತಿದೆ, ಫಿನಾಯಿಲಿನ ವಾಸನೆ. ಬಾತು ದೊಡ್ಡಮ್ಮ ಅವತ್ತು, ಏಜೆಂಟ ಒಳಗೆ ಹೋದ ಮೇಲೆ, ಖಾಲಿ ಬುಟ್ಟಿಗಳನ್ನು ಮತ್ತೆ ಗಾಡಿಗೇರಿಸುತ್ತಾ ಇನ್ನೊಂದು ಮಾತು ಹೇಳಿದ್ದಳು, ಕಿವಿಗೆ ಬಿದ್ದೂ ಬೀಳದ ಹಾಗೆ ಅವಳು ನಿಂತಿದ್ದಳು, ಮರಿ ಕಾಯ್ದಿರಿಸೋ ಜಾಗಕ್ಕೆ ಬೆಂಕಿ ಹಾಕು ಮಗಳೇ, ಆದ್ರೆ ಅದರಲ್ಲಿ ದೀಪದ ಲೆಕ್ಕ ಅಂತ ಒಂದಿದೆಯಲ್ಲ, ಅದನ್ನ ಮಾತ್ರ ಬಿಡಬೇಡಿ, ನನ್ನ ಮಗಳ ಫೋನಲ್ಲಿ ಬರುತ್ತೆ, ಮರಿಗೆ ಎಷ್ಟು ದಿನ ಆಯ್ತು, ಶೆಡ್ಡು ಎಷ್ಟು ಬಿಸಿ ಇದೆ ಅಂತ ಒತ್ತಿದ್ರೆ ಮರಿಗೆ ಕಾವು ಕೊಡೋ ದೀಪ ಎಷ್ಟು ಎತ್ತರಕ್ಕೆ ಕಟ್ಟಬೇಕು ಅಂತ ತಟ್ಟನೆ ಹೇಳುತ್ತೆ, ಶೆಡ್ಡಿನೊಳಗೆ ಸಿಗ್ನಲ್ ಸತ್ತಿದ್ರೂ ಹೇಳುತ್ತೆ, ಹೋದ ಚಳೀಲಿ ನನ್ನ ಮರಿಗಳು ಉಳಿದದ್ದು ಅದರಿಂದ. ಅದೂ ಸ್ಕ್ರಿಪ್ಟೇ. ಸರ್ವರಿನಿಂದ ಕೇಳಿ ತರಬೇಕಾಗಿದ್ದರೆ ಸಿಗ್ನಲ್ಲಿಲ್ಲದ ಶೆಡ್ಡಿನಲ್ಲಿ ಅದು ನಡೆಯುತ್ತಲೇ ಇರಲಿಲ್ಲ, ಅದು ಫೋನಿನೊಳಗೇ ಓಡಬೇಕು, ಅದರ ಜಾಗ ಅದೇ. ಹಾಗಾದರೆ ಸರಿಯಾದ ಉತ್ತರ ಅವಳಿಗೆ ಗೊತ್ತು, ನಲ್ಲಿಯ ಹತ್ತಿರ ಅಣ್ಣ ಕೇಳಿದಾಗಲೇ ಗೊತ್ತಿತ್ತು, ಬೆಲೆ, ದಿನ, ಕಾಯ್ದಿರಿಸುವ ಗುಂಡಿ ಇವೆಲ್ಲ ಸರ್ವರಿನಿಂದ ತಯಾರಾಗಿ ಹೋಗಬೇಕು, ಸ್ಕ್ರಿಪ್ಟು ಬಂದರೆ ಅದರ ಮೇಲೆ ಕೂರಲಿ, ಬರದಿದ್ದರೆ ಪುಟ ತನ್ನ ಕಾಲ ಮೇಲೆ ನಿಲ್ಲಲಿ, ದೀಪದ ಲೆಕ್ಕ ಮಾತ್ರ ಫೋನಿನೊಳಗೆ ಇರಲಿ. ಎಷ್ಟು ಸುಲಭ. ಆದರೆ ಹಾಗೆ ಹೇಳಿದರೆ ಅವನು ಉಳಿಯುತ್ತಾನೆ, ದೀಪದ ಲೆಕ್ಕ ಬರೆದವನು ಅವನೇ, ಅದನ್ನು ನೋಡಿಕೊಳ್ಳಲು ಅವನೇ ಬೇಕು, ಅವನು ಅಲ್ಲೇ ಅಣ್ಣನ ಪಕ್ಕದ ಕುರ್ಚಿಯಲ್ಲೇ ಬೂಟು ಅಲ್ಲಾಡಿಸುತ್ತಾ ಕೂತಿರುತ್ತಾನೆ, ಅರ್ಧ ಸೋತವನು ಸೋತವನೇ ಅಲ್ಲ, ನಾಳೆ ಅಕ್ಕಾ, ನಾವಿಬ್ರೂ ಸೇರಿ ಚೆನ್ನಾಗಿ ಮಾಡಿದ್ವಿ ಅಲ್ವಾ ಅಂದರೂ ಅಂದಾನು. ದೊಡ್ಡಮ್ಮ ಹೇಳಿದ್ದನ್ನು ಕೇಳಿದವಳು ತಾನೊಬ್ಬಳೇ, ಗೇಟಿನಲ್ಲಿ ಬೇರೆ ಯಾರಿದ್ದರು — ಟುಕ್ — ಯಾರೂ ಇರಲಿಲ್ಲ.

ಅಣ್ಣನ ಕೋಣೆಯ ಮೆಟ್ಟಿಲ ಹತ್ತಿರ ಅವನೇ ನಿಂತಿದ್ದಾನೆ, ಅಕ್ಕಾ, ಒಂದು ನಿಮಿಷ. ಮುಖ ಬಾಡಿದೆ, ಗಡ್ಡ ತೆಗೆದಿಲ್ಲ, ಬೂಟಿಗೆ ಅಂಗಳದ ಕೆಸರು ಮೆತ್ತಿದೆ, ಇರಲಿ, ಇನ್ನೂ ಮೆತ್ತಲಿ. ಕಾಯ್ದಿರಿಸೋ ಗುಂಡಿ ವಿಷಯದಲ್ಲಿ ತಪ್ಪು ನಂದೇ ಅಕ್ಕ, ನಾನು ನನ್ನ ಫೋನಲ್ಲಿ ಮಾತ್ರ ನೋಡ್ತಿದ್ದೆ, ಒಳಗೆ ನಾನೇ ಹೇಳ್ತೀನಿ, ಎಲ್ರ ಮುಂದೆ ಹೇಳ್ತೀನಿ. ಎಂಥ ಅನ್ಯಾಯ, ಒದೆಯಲು ಎತ್ತಿದ ಕಾಲಿನ ಕೆಳಗೆ ಬಂದು ಮಲಗಿದ ಹಾಗೆ, ಹೀಗಾದರೆ ಒದೆಯುವುದು ಹೇಗೆ, ಎರಡು ವರ್ಷದ ಸಿಟ್ಟನ್ನು ಮಡಚಿ ಎಲ್ಲಿ ಇಡುವುದು. ನೀನು ಹೇಳೋದೇನೂ ಬೇಡಪ್ಪ, ನಾನು ಕೇಳಿದಾಗ ಕಂಪ್ಯೂಟರಲ್ಲಿ ಆರಿಸೋದೊಂದು ಮಾಡು ಸಾಕು. ಅವನು ತಲೆ ಆಡಿಸಿ, ನಗಲು ನೋಡಿ, ನಿಮ್ಮ ಆಸ್ಪತ್ರೆ ಚೀಟೀನೇ ಗೆದ್ಬಿಡ್ತಲ್ಲ ಅಕ್ಕಾ, ಅಂದ, ಹೊಗಳಿದ್ದೇ ಇರಬೇಕು, ಪಾಪ, ಸೋತವನ ತಮಾಷೆ, ಆದರೆ ಆ ಎರಡು ಪದ ಅವನ ಬಾಯಿಂದ ಮತ್ತೆ ಹೊರಬಿದ್ದದ್ದೇ ತಡ, ಅವಳೊಳಗೆ ಕರಗುತ್ತಿದ್ದದ್ದು ಏನಿತ್ತೋ ಅದು ಕಲ್ಲಾಗಿ ಕೂತಿತು, ಥ್ಯಾಂಕ್ಸ್ ಕಣಪ್ಪ, ಒಳ್ಳೇ ಹೊತ್ತಿಗೆ ನೆನಪು ಮಾಡಿದೆ.

ಗೋಡೆಯ ಮೇಲೆ ಮರಿಗಳು ಓಡಿ ಬಂದವು, ಸಾಲಾಗಿ ನಿಂತವು, ಈ ಸಲ ಯಾರೂ ಖುಷಿ ಪಡಲಿಲ್ಲ. ಈಗ ಆರಿಸಪ್ಪ. ಅವನು ಆರಿಸಿದ. ಬಿಳಿ. ಗೋಡೆಯ ಬಿಳಿ ಯಾವುದು ಪುಟದ ಬಿಳಿ ಯಾವುದು ಗೊತ್ತಾಗದಷ್ಟು ಬಿಳಿ, ಅದರ ಎದುರು ಅವನು, ಬೆಳಕು ಅವನ ಅಂಗಿಯ ಮೇಲೂ ಬಿದ್ದು ಅವನ ಮುಖವೂ ಖಾಲಿ ಪುಟದ ಒಂದು ಭಾಗವಾಗಿತ್ತು, ಒಬ್ಬ ಏಜೆಂಟ ಕೆಮ್ಮಿದ, ಇನ್ನೊಬ್ಬ ಕುರ್ಚಿ ಸರಿಸಿದ, ಅತ್ತಿಗೆ ಬಾಗಿಲಲ್ಲಿ ಇರಲಿಲ್ಲ, ಚಹಾ ಇವತ್ತು ಬರಲಿಲ್ಲ. ಗುಡ್ಡದ ಕಡೆಯವರಿಗೆ ಕಾಣೋದು ಇದೇನಾ ಪುಟ್ಟೀ. ಇದೇ ಅಣ್ಣ. ಇಷ್ಟು ದಿನವೂ ಇದೇನಾ. ಇಷ್ಟು ದಿನವೂ ಇದೇ. ಅಣ್ಣ ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದ, ಅದೊಂದಕ್ಕಾಗಿ ಅವಳು ಎಷ್ಟು ಕಾದಿದ್ದಳು, ನೋಡಿದಾಗ ಆ ಕಣ್ಣಲ್ಲಿ ಸೋಲು ಇತ್ತು, ಕ್ಷಮೆ ಕೇಳುವ ಧಾಟಿ ಇತ್ತು, ಎಲ್ಲ ಇತ್ತು, ಬೆಲ್ಲದ ಸಿಹಿ ಮಾತ್ರ ಇರಬೇಕಾದಷ್ಟು ಇರಲಿಲ್ಲ. ಹಾಗಾದ್ರೆ ಹೇಳಮ್ಮ, ಸ್ಕ್ರಿಪ್ಟು ಎಷ್ಟು ಇಟ್ಕೊಳ್ಳೋಣ. ನಾಲಿಗೆಯ ಮೇಲೆ ಎರಡೂ ಉತ್ತರಗಳಿದ್ದವು, ಒಂದು ಉದ್ದದ್ದು, ಒಂದು ಚಿಕ್ಕದು. ಒಂದೂ ಬೇಡ ಅಣ್ಣ, ಅವಳು ಹೇಳಿದಳು, ಪೂರ್ತಿ ತೆಗೆಸು, ಇದು ಜೊಳ್ಳು. ಮಾತು ಅಂದುಕೊಂಡ ಜಾಗಕ್ಕೇ ಬಿತ್ತು, ಅಂದುಕೊಂಡ ಸದ್ದನ್ನೇ ಮಾಡಿತು, ಏಜೆಂಟನೊಬ್ಬ ಕಿಸಕ್ಕನೆ ನಕ್ಕ, ನಗು ಇವತ್ತು ಅವಳ ಕಡೆಗಿತ್ತು. ಅವನು ಜಗಳವಾಡಲಿಲ್ಲ, ಕಂಪ್ಯೂಟರಿನ ವೈರು ಬಿಚ್ಚಲು ಬಗ್ಗಿದವನು ಬಗ್ಗಿಕೊಂಡೇ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ದೀಪದ ಲೆಕ್ಕಾನೂ ಬೇಡ್ವಾ ಅಕ್ಕಾ? ಬೇಡ. ತಿರುಗಿಸಿ ನೋಡಲಿಲ್ಲ, ನೋಡಬೇಕಾದ ಹೊತ್ತಿನಲ್ಲಿ ಅವಳು ಮುಖವನ್ನೇ ಆ ಕಡೆ ಮಾಡಿಕೊಂಡಳು, ಅಣ್ಣ ಏನೋ ಹೇಳುತ್ತಿದ್ದಾನೆ, ನಾಳೆಯಿಂದ ನೀನು ಈ ಕೋಣೆಗೇ ಬಾ ಅನ್ನುತ್ತಿದ್ದಾನೆ, ಬೂಟುಗಳು ಮೆಟ್ಟಿಲಿಳಿದು ಹೋಗುತ್ತಿವೆ, ಗೆದ್ದದ್ದು ತಾನು, ಗೋಡೆ ಇನ್ನೂ ಬೆಳ್ಳಗೇ ಇದೆ, ವೈರು ಬಿಚ್ಚಿದ್ದಾನಲ್ಲ, ಇನ್ನೂ ಯಾಕೆ ಬೆಳ್ಳಗಿದೆ, ಬರೀ ಗೋಡೆ, ಸುಣ್ಣ, ಚಳಿ ಬಂದಾಗ ದೊಡ್ಡಮ್ಮನ ಮಗಳು ಸಿಗ್ನಲ್ಲಿಲ್ಲದ ಶೆಡ್ಡಿನಲ್ಲಿ ಕೂತು ಏನನ್ನು ಒತ್ತುತ್ತಾಳೆ, ಅದನ್ನು ಈಗ ಯೋಚಿಸುವುದು ಬೇಡ, ಗೋಡೆ ನೋಡು, ಬರೀ ಬಿಳಿ, ಅದರೊಳಗೆ ಏನಿಲ್ಲ, ಏನೂ ಇಲ್ಲ, ಆ ಬಿಳಿಯಲ್ಲಿ ಸಾಸಿವೆಯಷ್ಟು ತೂತು, ತೂತಿನೊಳಗಿಂದ ಕೊಕ್ಕಿನ ತುದಿ, ಟುಕ್, ಸುಮ್ಮನಾಗಿ, ಮತ್ತೆ ಟುಕ್, ಮತ್ತೆ —